‘ಬಣಜಿಗ’ ಎಂಬ ಹಳೆಯ ಪದದ ಜಾಡು ಹಿಡಿಯುವುದು ಹೇಗೆ? ಓದುಗರಿಗೊಂದು ಮಾರ್ಗದರ್ಶಿ

‘ಬಣಜಿಗ’ ಎಂದರೆ ಮೊದಲು ಊರೂರು ತಿರುಗಿ ಸರಕು ಮಾರುತ್ತಿದ್ದವನೇ, ಪೇಟೆಯಲ್ಲಿ ಅಂಗಡಿ ಇಟ್ಟವನೇ, ಅಥವಾ ಅದು ಮೊದಲಿನಿಂದಲೂ ಒಂದು ಸಮುದಾಯದ ಹೆಸರೇ? ಪದ ಅಚ್ಚಗನ್ನಡವೇ, ಸಂಸ್ಕೃತದಿಂದ ಬಂದದ್ದೇ? ತೆಲುಗಿನ ‘ಬಲಿಜ’, ಉತ್ತರದ ‘ಬನಿಯಾ’, ನಮ್ಮಲ್ಲೇ ಇರುವ ‘ಬಂಜಾರ’ ಇವಕ್ಕೂ ಇದಕ್ಕೂ ನಂಟುಂಟೇ? ಓದುಗರು ಈ ಪ್ರಶ್ನೆಗಳನ್ನು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುತ್ತಾರೆ. ಪ್ರತಿ ಬಾರಿಯೂ ಒಂದು ವಾಕ್ಯದ ಉತ್ತರ ಕೊಟ್ಟರೆ ಕೇಳಿದವರಿಗೆ ತೃಪ್ತಿಯಾಗುವುದಿಲ್ಲ, ಏಕೆಂದರೆ ಆ ಉತ್ತರವನ್ನು ಪರೀಕ್ಷಿಸುವ ದಾರಿ ಅವರ ಕೈಯಲ್ಲಿರುವುದಿಲ್ಲ. ಆದ್ದರಿಂದ ಆ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಬಣಜಿಗ ಎಂಬ ಪದವನ್ನು ಮುಂದಿಟ್ಟುಕೊಂಡು ನಡೆದರೂ, ಸೆಟ್ಟಿ, ಹರದ, ಬೇಹಾರಿ, ಲಮಾಣಿ ಮುಂತಾದ ಯಾವುದೇ ಹಳೆಯ ವ್ಯಾಪಾರಿ ಪದಕ್ಕೂ ನೀವು ಇದೇ ಕ್ರಮವನ್ನು ಅನ್ವಯಿಸಬಹುದು.

ಹೊರಡುವ ಮೊದಲು ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಪದ ಎಲ್ಲಿಂದ ಬಂತು ಎಂಬುದು ಒಂದು ಪ್ರಶ್ನೆ. ಇಂಥ ಕಾಲದಲ್ಲಿ, ಇಂಥ ಜಾಗದಲ್ಲಿ ಅದಕ್ಕೆ ಏನು ಅರ್ಥವಿತ್ತು ಎಂಬುದು ಇನ್ನೊಂದು ಪ್ರಶ್ನೆ. ಆ ಹೆಸರು ಹೊತ್ತ ಜನ ಎಲ್ಲಿಂದ ಬಂದರು ಎಂಬುದು ಮೂರನೆಯದು. ಒಂದಕ್ಕೆ ಸಿಕ್ಕ ಉತ್ತರವನ್ನು ಇನ್ನೊಂದಕ್ಕೆ ಹಚ್ಚಿದ ಕಡೆಯಲ್ಲೆಲ್ಲ ತಪ್ಪು ನುಸುಳಿದೆ. ನನಗೆ ಬರುವ ಪ್ರಶ್ನೆಗಳಲ್ಲಿ ಬಹುಪಾಲಿನ ಗೊಂದಲಕ್ಕೆ ಮೂಲ ಇದೇ.

ಬೇಕಾದ ಸಾಮಗ್ರಿ

ಹೆಚ್ಚೇನೂ ಬೇಡ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ದ್ರಾವಿಡ ಭಾಷೆಗಳ ಸಮಾನಪದಗಳಿಗಾಗಿ ಬರೋ ಮತ್ತು ಎಮೆನೊ ಅವರ ನಿಷ್ಪತ್ತಿ ಕೋಶ, ಇಂಡೋ-ಆರ್ಯ ಭಾಷೆಗಳಿಗಾಗಿ ಟರ್ನರ್ ಅವರ ತೌಲನಿಕ ಕೋಶ, ಶಾಸನಗಳಿಗಾಗಿ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳು. ಜಿಲ್ಲಾ ಕೇಂದ್ರದ ಗ್ರಂಥಾಲಯದಲ್ಲಿಯೋ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿಯೋ ಇವನ್ನು ಕೇಳಿ ನೋಡಿ. ನಿಷ್ಪತ್ತಿ ಎಂದರೆ ಪದದ ಹುಟ್ಟನ್ನು ವಿವರಿಸುವ ಕ್ರಮ. ಇದರ ಜೊತೆಗೆ ಒಂದು ನೋಟುಪುಸ್ತಕ ಇರಲಿ. ಪ್ರತಿ ಪುಟದಲ್ಲಿ ರೂಪ, ದೊರೆತ ಸ್ಥಳ ಮತ್ತು ಕಾಲ, ಅಲ್ಲಿ ಹೊಂದುವ ಅರ್ಥ ಎಂದು ಮೂರು ಅಂಕಣ ಎಳೆದುಕೊಳ್ಳಿ.

1. ರೂಪಗಳನ್ನು ಕಂಡಂತೆಯೇ ಬರೆದುಕೊಳ್ಳಿ

ಇಂದು ನಾವು ಬರೆಯುವುದು ‘ಬಣಜಿಗ’. ಹಳೆಯ ಶಾಸನಗಳಲ್ಲಿ ನಡುವೆ ಅನುಸ್ವಾರವಿರುವ ‘ಬಣಂಜಿಗ’ ಸಿಗುತ್ತದೆ; ವ್ಯಾಪಾರ ಎಂಬ ಅರ್ಥದ ‘ಬಣಂಜು’, ‘ಬಣಜು’ ರೂಪಗಳೂ ಸಿಗುತ್ತವೆ. ‘ವೀರಬಣಂಜು’ ಎಂಬ ಸಮಾಸವಂತೂ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಇವನ್ನು ಇಂದಿನ ಕಾಗುಣಿತಕ್ಕೆ ತಿದ್ದದೆ ಇದ್ದಂತೆಯೇ ಬರೆದುಕೊಳ್ಳಿ. ಆ ಒಂದು ಅನುಸ್ವಾರವನ್ನು ಬಿಟ್ಟರೆ ಮುಂದೆ ತಮಿಳಿನ ರೂಪದೊಂದಿಗೆ ಹೋಲಿಸುವಾಗ ಕೊಂಡಿಯೇ ಕಳಚಿಹೋಗುತ್ತದೆ.

ಎಚ್ಚರಿಕೆ: ಸದ್ದಿನಲ್ಲಿ ಹತ್ತಿರವಿರುವ ಪದಗಳನ್ನು ಇದೇ ಪುಟಕ್ಕೆ ಸೇರಿಸಬೇಡಿ. ಬಣ್ಣ, ಬಣವೆ, ಗುಂಪು ಎಂಬ ಅರ್ಥದ ಬಣ, ಸಮುದಾಯವಾಚಿಯಾದ ಬಣಗಾರ, ಇವೆಲ್ಲ ಮೊದಲ ಎರಡು ಅಕ್ಷರಗಳಲ್ಲಿ ಒಂದೇ ರೀತಿ ಕೇಳಿಸುತ್ತವೆ. ಸಾಕ್ಷ್ಯ ಸಿಗುವವರೆಗೆ ಒಂದೊಂದಕ್ಕೂ ಬೇರೆ ಪುಟವಿರಲಿ.

2. ಪದವನ್ನು ಬಿಡಿಸಿ

ಬಣಂಜು + ಇಗ = ಬಣಂಜಿಗ. ‘ಇಗ’ ಎಂಬುದು ಕನ್ನಡದ ತದ್ಧಿತ ಪ್ರತ್ಯಯ. ತದ್ಧಿತ ಎಂದರೆ ಒಂದು ನಾಮಪದಕ್ಕೆ ಸೇರಿ ಇನ್ನೊಂದು ನಾಮಪದವನ್ನು ಹುಟ್ಟಿಸುವ ತುಣುಕು. ಗಾಣದಿಂದ ಗಾಣಿಗ, ಲೆಕ್ಕದಿಂದ ಲೆಕ್ಕಿಗ, ತೋಟದಿಂದ ತೋಟಿಗ, ಕನ್ನಡದಿಂದ ಕನ್ನಡಿಗ ಆದ ಹಾಗೆಯೇ ಬಣಂಜಿನಿಂದ ಬಣಂಜಿಗ. ಅಂದರೆ ಮೂಲಧಾತು ಎಲ್ಲಿಯದೇ ಆಗಲಿ, ‘ಬಣಂಜಿಗ’ ಎಂಬ ಇಡೀ ಪದ ಕಟ್ಟಲ್ಪಟ್ಟದ್ದು ಕನ್ನಡದ ಒಳಗೆ, ಕನ್ನಡದ ಕೈಯಿಂದ. ‘ಇದು ಎರವಲು ಪದ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವವರು ಈ ಹಂತವನ್ನು ಹಾರಿಸಿರುತ್ತಾರೆ. ‘ಬಳೆಗಾರ’ದಲ್ಲಿ ಇದರ ತಿರುಗುಮುರುಗನ್ನು ನೋಡಬಹುದು: ಅಲ್ಲಿ ಬಳೆ ನಮ್ಮದು, ‘ಗಾರ’ ಸಂಸ್ಕೃತದ ‘ಕಾರ’ದಿಂದ ಬಂದದ್ದು.

3. ಮನೆಯ ಪದವೋ, ಬಂದು ನೆಲೆಸಿದ ಪದವೋ ಎಂದು ಪರೀಕ್ಷಿಸಿ

ಈಗ ಉಳಿದದ್ದು ‘ಬಣಂಜು’. ಒಂದು ಪದ ಮೂಲತಃ ದ್ರಾವಿಡವಾಗಿದ್ದರೆ ಅಕ್ಕಪಕ್ಕದ ದ್ರಾವಿಡ ಭಾಷೆಗಳಲ್ಲಿ ಅದಕ್ಕೆ ನಿಯಮಬದ್ಧವಾದ ಒಡಹುಟ್ಟುಗಳಿರಬೇಕು, ಅದೇ ಧಾತುವಿನಿಂದ ಕ್ರಿಯಾಪದಗಳೋ ಬೇರೆ ನಾಮಪದಗಳೋ ಹುಟ್ಟಿರಬೇಕು. ಬಣಂಜಿಗೆ ಅಂಥ ಬಳಗವಿಲ್ಲ. ಇನ್ನೊಂದು ದಿಕ್ಕಿನಲ್ಲಿ ನೋಡಿದರೆ ಸಂಸ್ಕೃತದ ‘ವಣಿಜ್’, ಅಂದರೆ ವ್ಯಾಪಾರಿ, ಋಗ್ವೇದದಷ್ಟು ಹಿಂದೆಯೇ ಬಳಕೆಯಲ್ಲಿದೆ. ಅದರಿಂದ ‘ವಣಿಜ್ಯಾ’, ‘ವಾಣಿಜ್ಯ’ ಎಂಬ ರೂಪಗಳಾಗಿವೆ, ಎರಡಕ್ಕೂ ವ್ಯಾಪಾರ ಎಂದೇ ಅರ್ಥ. ನಾವು ಶಾಲೆಯಲ್ಲಿ ಕಲಿತದ್ದು ದೀರ್ಘಸ್ವರದ ‘ವಾಣಿಜ್ಯ’ ಒಂದನ್ನೇ ಆದ್ದರಿಂದ ಕನ್ನಡದ ಮೊದಲಕ್ಷರ ಏಕೆ ಹ್ರಸ್ವವಾಯಿತು ಎಂದು ತಲೆ ಕೆಡಿಸಿಕೊಳ್ಳುತ್ತೇವೆ. ಹ್ರಸ್ವಸ್ವರದ ‘ವಣಿಜ್ಯಾ’ವನ್ನು ಮುಂದಿಟ್ಟುಕೊಂಡರೆ ಆ ತೊಡಕು ಬಿಡುತ್ತದೆ.

ಹೋಲಿಕೆ ಸಾಲದು, ಧ್ವನಿಪಲ್ಲಟದ ನಿಯಮ ಬೇಕು. ಸಂಸ್ಕೃತ, ಪ್ರಾಕೃತಗಳ ಪದಾದಿಯ ವಕಾರ ಕನ್ನಡದ ತದ್ಭವಗಳಲ್ಲಿ ಬಕಾರವಾಗುತ್ತದೆ: ವನ–ಬನ, ವರ್ಣ–ಬಣ್ಣ, ವಸತಿ–ಬಸದಿ, ವೀರ–ಬೀರ, ವಂಧ್ಯಾ–ಬಂಜೆ, ವ್ಯವಹಾರ–ಬೇಹಾರ. ಒತ್ತಕ್ಷರದ ಯಕಾರ ಪ್ರಾಕೃತದಲ್ಲಿ ಕರಗಿ ದ್ವಿತ್ವವಾಗುತ್ತದೆ: ರಾಜ್ಯ–ರಜ್ಜ, ವಿದ್ಯಾ–ವಿಜ್ಜಾ, ಅಲ್ಲಿಂದ ಹಳಗನ್ನಡದ ಬಿಜ್ಜೆ. ಈ ಎರಡು ನಿಯಮಗಳನ್ನು ಕೂಡಿಸಿದರೆ ‘ವಣಿಜ್ಯಾ’ದಿಂದ ‘ಬಣಿಜ್ಜ’ದಂಥ ಒಂದು ರೂಪಕ್ಕೆ ಬಂದು ನಿಲ್ಲುತ್ತೇವೆ. ಅಲ್ಲಿಂದ ‘ಬಣಂಜು’ವಿಗೆ ಬರಬೇಕಾದರೆ ನಡುವಿನ ಇಕಾರ ಅಕಾರವಾಗಬೇಕು, ಜ್ಜ ಎಂಬುದು ಂಜ ಆಗಬೇಕು. ಈ ಎರಡು ಹೆಜ್ಜೆಗಳು ಮೊದಲಿನವುಗಳಷ್ಟು ನಿಯತವಲ್ಲ. ಪುಸ್ತಕದಲ್ಲಿ ಅವುಗಳ ಪಕ್ಕಕ್ಕೆ ಪ್ರಶ್ನೆಚಿಹ್ನೆ ಹಾಕಿ. ನಿಷ್ಪತ್ತಿಯ ಬಲ ಅದರ ದುರ್ಬಲ ಕೊಂಡಿಯನ್ನು ತೋರಿಸುವುದರಿಂದ ಕಡಿಮೆಯಾಗುವುದಿಲ್ಲ, ಮುಚ್ಚಿಟ್ಟರೆ ಆಗುತ್ತದೆ.

ತದ್ಭವಗಳ ಬಗ್ಗೆ ಗಂಭೀರವಾಗಿ ಓದಬಯಸುವವರು 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣವನ್ನು ಒಮ್ಮೆಯಾದರೂ ನಿಧಾನವಾಗಿ ಓದಬೇಕು. ಇಂಥ ಪಲ್ಲಟಗಳನ್ನು ಏಳುನೂರು ವರ್ಷಗಳ ಹಿಂದೆಯೇ ಒಬ್ಬ ಕನ್ನಡಿಗ ಗುಂಪು ಗುಂಪಾಗಿ ಜೋಡಿಸಿಟ್ಟಿದ್ದಾನೆ ಎಂಬುದು ನನಗೆ ಇಂದಿಗೂ ಹೆಮ್ಮೆಯ ಸಂಗತಿ.

ಎಚ್ಚರಿಕೆ: ‘ವಣಿಜ್’ ಎಂಬುದನ್ನು ನಾಣ್ಯವಾಚಿಯಾದ ‘ಪಣ’ಕ್ಕೆ, ಅಲ್ಲಿಂದ ನಮ್ಮ ‘ಹಣ’ಕ್ಕೆ ಜೋಡಿಸುವ ಆಸೆ ಎಲ್ಲರಿಗೂ ಬರುತ್ತದೆ. ಪಣದಿಂದ ಹಣವಾದದ್ದು ಸರಿಯೇ. ಪಕಾರ ಹಕಾರವಾಗುವುದು ಕನ್ನಡದ ಪರಿಚಿತ ದಾರಿ. ಆದರೆ ಅರ್ಥ ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ವಕಾರದ ಪದವನ್ನೂ ಪಕಾರದ ಪದವನ್ನೂ ಒಂದೇ ಮನೆಗೆ ಸೇರಿಸಲಾಗದು.

4. ಬಂಧುಪದಗಳನ್ನು ಕಲೆಹಾಕಿ

ಈ ಹಂತದಲ್ಲಿ ಅವಸರ ಮಾಡಬೇಡಿ. ಅರ್ಥ ಹೇಗೆ ಕದಲುತ್ತದೆ ಎಂಬುದು ನಿಚ್ಚಳವಾಗಿ ಕಾಣುವುದು ಇಲ್ಲಿಯೇ. ಒಂದೇ ‘ವಣಿಜ್’ ಭಾಷೆಯಿಂದ ಭಾಷೆಗೆ ಹೋದಂತೆ ಬೇರೆ ಬೇರೆ ಬದುಕು ಕಂಡಿದೆ.

ತಮಿಳಿನಲ್ಲಿ ‘ವಾಣಿಗನ್’ ಬಹಳ ಹಿಂದಿನಿಂದಲೂ ಇದೆ. ಮದುರೈ ಬಳಿಯ ಅಳಗರ್‌ಮಲೈಯ ತಮಿಳು-ಬ್ರಾಹ್ಮಿ ಬರಹಗಳಲ್ಲಿ ಉಪ್ಪು ಮಾರುವವನನ್ನು ‘ಉಪ್ಪು ವಾಣಿಗನ್’ ಎಂದು ಕರೆದಿದೆ. ಅಲ್ಲಿ ಪದಕ್ಕೆ ಯಾವುದೇ ಸರಕಿನ ವ್ಯಾಪಾರಿ ಎಂಬ ವಿಶಾಲ ಅರ್ಥವಿರುವುದರಿಂದಲೇ ಯಾವ ಸರಕು ಎಂದು ಮುಂದೆ ಸೇರಿಸಬೇಕಾಗಿದೆ. ಮುಂದೆ ಅದರ ಇನ್ನೊಂದು ರೂಪವಾದ ‘ವಾಣಿಯನ್’ ಎಣ್ಣೆ ತೆಗೆದು ಮಾರುವವನಿಗೆ ಸೀಮಿತವಾಯಿತು. ವಿಶಾಲ ಅರ್ಥ ಹೀಗೆ ಒಂದೇ ಕಸುಬಿಗೆ ಕಿರಿದಾಗುವುದನ್ನು ಅರ್ಥಸಂಕೋಚ ಎನ್ನುತ್ತಾರೆ. ಮರಾಠಿಯ ‘ವಾಣಿ’ ಕಿರಾಣಿ ಅಂಗಡಿಯವನಾದ. ಹಿಂದಿಯ ‘ಬನಿಯಾ’, ಗುಜರಾತಿಯ ‘ವಾಣಿಯೊ’ ಸಮುದಾಯದ ಹೆಸರುಗಳೂ ಆದವು.

ಆ ಗುಜರಾತಿ ಪದ ಪೋರ್ಚುಗೀಸರ ಬಾಯಿಗೆ ಬಿದ್ದು, ಅಲ್ಲಿಂದ ಇಂಗ್ಲಿಷಿಗೆ ‘ಬನಿಯನ್’ ಎಂದು ಹೋಯಿತು. ಪರ್ಷಿಯಾ ಕೊಲ್ಲಿಯ ದಡದಲ್ಲಿ, ಇಂದಿನ ಬಂದರ್ ಅಬ್ಬಾಸ್ ಹತ್ತಿರ, ಭಾರತದ ವ್ಯಾಪಾರಿಗಳು ಗುಡಿ ಕಟ್ಟಿಕೊಂಡಿದ್ದ ಒಂದು ದೊಡ್ಡ ಆಲದ ಮರವನ್ನು ಯುರೋಪಿನ ಪ್ರವಾಸಿಗಳು ಬನಿಯನ್ನರ ಮರ ಎಂದರು. ಕೊನೆಗೆ ಆಲದ ಜಾತಿಗೇ ಇಂಗ್ಲಿಷಿನಲ್ಲಿ ಆ ಹೆಸರು ನಿಂತಿತು. ಅದೇ ವ್ಯಾಪಾರಿಗಳು ತೊಡುತ್ತಿದ್ದ ಸಡಿಲ ಅಂಗಿಗೂ ಆ ಹೆಸರಾಯಿತು. ಆ ಅಂಗಿಯ ಹೆಸರೇ ಸುತ್ತಿ ಬಳಸಿ ಮರಳಿ ನಮ್ಮ ಮನೆಗೆ ಬಂದು ಅಂಗಿಯ ಒಳಗೆ ತೊಡುವ ‘ಬನಿಯನ್’ ಆಗಿದೆ. ಬಣಜಿಗ, ಬನಿಯನ್ ಎರಡೂ ಒಂದೇ ಬೇರಿನ ಕೊಂಬೆಗಳು. ಬೇರು ಒಂದೇ ಆದ ಮಾತ್ರಕ್ಕೆ ಅರ್ಥ ಒಂದೇ ಆಗಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಕಣ್ಣಿಗೆ ಕಟ್ಟುವ ಉದಾಹರಣೆ ಬೇಡ.

ದಕ್ಷಿಣದ ಒಳಗೆ ಕನ್ನಡದ ‘ಬಣಂಜು’ವಿಗೆ ಹೊಂದುವ ರೂಪಗಳು ಇನ್ನೂ ಹತ್ತಿರದವು. ತಮಿಳು ಶಾಸನಗಳಲ್ಲಿ ‘ವಳಂಜಿಯರ್’ ಎಂಬ ವ್ಯಾಪಾರಿಗಳು ಬರುತ್ತಾರೆ. ಶ್ರೀಲಂಕೆಯ ಪೊಳೊನ್ನರುವದಲ್ಲಿರುವ, ವೇಳೈಕ್ಕಾರರೆಂಬ ಸೈನಿಕರ 12ನೆಯ ಶತಮಾನದ ತಮಿಳು ಶಾಸನದಲ್ಲಿಯೂ ಅವರ ಹೆಸರಿದೆ. ತೆಲುಗು ನಾಡಿನಲ್ಲಿ ಬಲಂಜ, ಬಲಿಜ ರೂಪಗಳಿವೆ. ಇವೆಲ್ಲ ಒಂದೇ ಪದದ ಪ್ರಾದೇಶಿಕ ರೂಪಗಳೆಂದು ಶಾಸನತಜ್ಞರು ಸಾಮಾನ್ಯವಾಗಿ ಒಪ್ಪುತ್ತಾರೆ. ಮೊದಲ ಹಂತದಲ್ಲಿ ಅನುಸ್ವಾರವನ್ನು ಕಾಪಾಡಿಕೊಳ್ಳಿ ಎಂದದ್ದು ಇದಕ್ಕಾಗಿಯೇ.

5. ಸಾಕ್ಷ್ಯವನ್ನು ಹತ್ತಿರದಿಂದ ಓದಿ

ನಿಘಂಟು ಅರ್ಥವನ್ನು ಹೇಳುತ್ತದೆ; ಶಾಸನ ಅದನ್ನು ಬಳಕೆಯಲ್ಲಿ ತೋರಿಸುತ್ತದೆ. ಬಣಜಿಗ ಪದದ ಮಟ್ಟಿಗೆ ಅಯ್ಯಾವೊಳೆ ಐನೂರ್ವರ ಶಾಸನಗಳೇ ಮುಖ್ಯ ಗಣಿ. ಅಯ್ಯಾವೊಳೆ ಎಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆ. ಆ ಊರಿನ ಹೆಸರು ಹೊತ್ತ ವ್ಯಾಪಾರಿಗಳ ಮಹಾಸಂಘ ಕನ್ನಡ, ತೆಲುಗು, ತಮಿಳು ನಾಡುಗಳಲ್ಲೆಲ್ಲ ಹರಡಿತ್ತು. ಸುಮಾತ್ರಾ ದ್ವೀಪದ ಬಾರುಸ್‌ನಲ್ಲಿ ಸಿಕ್ಕಿರುವ ಶಕ 1010ರ ತಮಿಳು ಶಾಸನವೂ ಐನೂರ್ವರದೇ. ಈ ಸಂಘ ತನ್ನನ್ನು ‘ವೀರಬಣಂಜು ಧರ್ಮ’ವನ್ನು ಪಾಲಿಸುವವರು ಎಂದು ಕರೆದುಕೊಳ್ಳುತ್ತಿತ್ತು.

ಶಕವರ್ಷವನ್ನು ಕ್ರಿಸ್ತಶಕಕ್ಕೆ ತಿರುಗಿಸಲು 78 ಕೂಡಿಸಿ. ಪುಷ್ಯದ ನಂತರದ ತಿಂಗಳುಗಳಾದರೆ 79 ಆಗಬಹುದು. ಆದ್ದರಿಂದ ಶಕ 1010 ಎಂದರೆ 1088. ಶಾಸನದಲ್ಲಿ ಸಂವತ್ಸರದ ಹೆಸರು, ಅಂದರೆ ಅರವತ್ತು ವರ್ಷಗಳ ಚಕ್ರದಲ್ಲಿ ಆ ವರ್ಷಕ್ಕಿರುವ ಹೆಸರು ಇದ್ದರೆ ಅದರೊಂದಿಗೂ ತಾಳೆ ನೋಡಿ.

ಒಂದು ಶಾಸನವನ್ನು ಮಾದರಿಗೆ ತೆಗೆದುಕೊಳ್ಳೋಣ. ಎಪಿಗ್ರಾಫಿಯಾ ಕರ್ನಾಟಿಕ 7ನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ 118ನೆಯದಾಗಿ ಅಚ್ಚಾಗಿರುವ 11ನೆಯ ಶತಮಾನದ ಶಾಸನ ಅದು. ಅದರಲ್ಲಿ ಈ ವ್ಯಾಪಾರಿಗಳ ಉದ್ದವಾದ ಪ್ರಶಸ್ತಿ ಇದೆ. ಪ್ರಶಸ್ತಿ ಎಂದರೆ ಹೊಗಳಿಕೆಯ ಭಾಗ. ಚೇರ, ಚೋಳ, ಪಾಂಡ್ಯ, ಮಲಯ, ಮಗಧ, ಕೋಸಲ, ಸೌರಾಷ್ಟ್ರ, ನೇಪಾಳ ಎಂದು ನಾಡುಗಳ ಪಟ್ಟಿ ಸಾಗುತ್ತದೆ. ನೆಲದ ದಾರಿಯಲ್ಲೂ ನೀರಿನ ದಾರಿಯಲ್ಲೂ ಹೋಗುವವರು ಎಂಬ ಮಾತಿದೆ. ಆನೆ, ಕುದುರೆ, ನೀಲ, ಮುತ್ತು, ಮಾಣಿಕ್ಯ, ವಜ್ರ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ, ಕೇಸರಿ ಎಂದು ಸರಕುಗಳ ಪಟ್ಟಿ ಇದೆ. ಅದಾದ ಮೇಲೆ ಇವನ್ನು ಸಗಟಾಗಿ ಮಾರುವರು, ಇಲ್ಲವೇ ಹೆಗಲ ಮೇಲೆ ಹೊತ್ತು ತಿರುಗಿ ಮಾರುವರು ಎಂಬ ಅರ್ಥದ ಮಾತು ಬರುತ್ತದೆ.

ನನ್ನ ಮಟ್ಟಿಗೆ ಇಡೀ ಪ್ರಶಸ್ತಿಯಲ್ಲಿ ಅತಿ ಬೆಲೆಯುಳ್ಳ ಮಾತು ಅದು. ಆನೆ ಕುದುರೆಗಳ ವೈಭವದ ನಡುವೆಯೂ ಹೆಗಲ ಹೊರೆಯವನನ್ನು ಶಾಸನ ಮರೆಯಲಿಲ್ಲ, ಅವನನ್ನು ಕೆಳಗಿಳಿಸಲೂ ಇಲ್ಲ. ಹಡಗಿನ ಸರಕಿನವನೂ ಹೊತ್ತು ಮಾರುವವನೂ ಒಂದೇ ಬಣಂಜಿನ ಒಳಗಿದ್ದರು. ‘ಬಣಜಿಗ ಎಂದರೆ ದೊಡ್ಡ ವರ್ತಕನೋ, ತಿರುಗಾಡುವ ಸಣ್ಣ ವ್ಯಾಪಾರಿಯೋ’ ಎಂದು ಕೇಳುವವರಿಗೆ ಈ ಸಾಲೇ ಉತ್ತರ: 11ನೆಯ ಶತಮಾನದ ಈ ಬಳಕೆಯಲ್ಲಿ ಆ ಎರಡನ್ನು ಬೇರ್ಪಡಿಸುವ ಗೆರೆ ಪದದೊಳಗೆ ಇಲ್ಲ. ಗೆರೆ ಎಳೆಯಬೇಕಾದಾಗ ಬೇರೆ ಪದ ಬೇಕಾಗುತ್ತಿತ್ತು. ದೊಡ್ಡ ವರ್ತಕನಿಗೆ ‘ವಡ್ಡಬೇಹಾರಿ’ ಎಂಬ ಹೆಸರಿತ್ತು. ‘ವಡ್ಡ’ಕ್ಕೆ ಅಲ್ಲಿ ಹಿರಿಯ, ದೊಡ್ಡ ಎಂಬ ಅರ್ಥ.

ಓದುವಾಗ ಎಡವುವ ಜಾಗಗಳು ಇಲ್ಲಿ ಹಲವು ಇವೆ.

‘ವೀರಬಣಂಜು ಸಮಯ’ ಎಂಬಲ್ಲಿ ಸಮಯ ಎಂದರೆ ವೇಳೆ ಅಲ್ಲ; ಕಟ್ಟುಪಾಡಿಗೆ ಒಳಪಟ್ಟ ಸಂಘ, ಸಮೂಹ. ‘ಧರ್ಮ’ ಎಂದರೆ ಮತವಲ್ಲ. ವ್ಯಾಪಾರಿಗಳ ನಡವಳಿಕೆಯ ನಿಯಮ. ‘ವೀರ’ ಎಂಬುದನ್ನು ಕಂಡ ಕೂಡಲೇ ವೀರಶೈವ ಎಂದು ಓದುವ ತಪ್ಪು ಬಹಳ ವ್ಯಾಪಕವಾಗಿದೆ. ಆ ಸಂಘದಲ್ಲಿ ಜೈನರು, ಶೈವರು, ವೈಷ್ಣವರು ಎಲ್ಲರೂ ಇದ್ದರು. ಅಲ್ಲಿನ ‘ವೀರ’ ದಾರಿಯುದ್ದಕ್ಕೂ ಸರಕನ್ನು ಕಾಯುತ್ತಾ ಹೋಗುವವರ ಶೌರ್ಯವನ್ನು ಹೇಳುವ ವಿಶೇಷಣ.

ಪ್ರಶಸ್ತಿಯ ನಾಡುಗಳ ಪಟ್ಟಿಯನ್ನು ವ್ಯಾಪಾರದ ನಕ್ಷೆಯೆಂದು ತಿಳಿಯಬೇಡಿ. ಮೇಲಿನ ಶಾಸನದ ಪಟ್ಟಿಯಲ್ಲಿಯೇ ಏಕಪಾದ, ಲಂಬಕರ್ಣ, ಸ್ತ್ರೀರಾಜ್ಯ ಎಂಬ ಪುರಾಣದ ನಾಡುಗಳೂ ಇವೆ. ಹೊಗಳಿಕೆಯ ಭಾಗಕ್ಕೂ ದಾನ, ಸುಂಕ, ಸಾಕ್ಷಿಗಳನ್ನು ಹೇಳುವ ಭಾಗಕ್ಕೂ ಬೇರೆ ಬೇರೆ ತೂಕ ಕೊಡಿ. ಸುಂಕದ ಸಾಲುಗಳಲ್ಲಿ ‘ಹೇರು’ ಎಂಬ ಪದ ಕಂಡರೆ, ಅಂದರೆ ಎತ್ತಿನ ಬೆನ್ನಿಗೆ ಹೇರುವಷ್ಟು ಹೊರೆ, ಅಲ್ಲಿ ನಿಲ್ಲಿ. ಬಣಜಿಗನ ದಿನನಿತ್ಯದ ಬದುಕು ಹೊಗಳಿಕೆಗಿಂತ ಆ ಹೇರಿನ ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ. ಎತ್ತಿನ ಎರಡೂ ಪಕ್ಕಕ್ಕೆ ಇಳಿಬೀಳುವ ಜೋಡಿಚೀಲಕ್ಕೆ ‘ಹಸುಂಬೆ’, ‘ಹಸುಬೆ’ ಎಂಬ ಹೆಸರಿದೆ; ಅದನ್ನೂ ಗುರುತು ಮಾಡಿಕೊಳ್ಳಿ.

ಇನ್ನೊಂದು: ‘ಐನೂರು’ ಎಂಬ ಸಂಖ್ಯೆ ಕಂಡಲ್ಲೆಲ್ಲ ವ್ಯಾಪಾರಿಗಳ ಸಂಘ ಎಂದು ಬರೆಯಬೇಡಿ. ಐಹೊಳೆಯ ಲಾಡ್‌ಖಾನ್ ಗುಡಿಯ ಹಳೆಯ ಬರಹದಲ್ಲಿ ಬರುವ ಐನೂರ್ವರು ವೇದ ಬಲ್ಲ ಮಹಾಜನರು. ಎರಡು ಸಂಸ್ಥೆಗಳ ನಡುವಿನ ನಂಟಿನ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆ. ಸಂಖ್ಯೆಯ ಹೊಂದಾಣಿಕೆ ಆ ಚರ್ಚೆಯನ್ನು ಮುಗಿಸುವುದಿಲ್ಲ.

6. ಅರ್ಥಗಳನ್ನು ಕಾಲಕ್ರಮದಲ್ಲಿ ಇಳಿಸಿ

ಈಗ ನೋಟುಪುಸ್ತಕದ ಮೂರನೆಯ ಅಂಕಣವನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಪದ ನಡೆದ ದಾರಿ ಕಾಣತೊಡಗುತ್ತದೆ. ಮೊದಲು ಅದು ಮಾಡುವ ಕೆಲಸದ ಹೆಸರು: ಬಣಂಜು ಮಾಡುವವ ಬಣಂಜಿಗ. ಆಮೇಲೆ ಸೇರಿದ ಸಂಘದ ಹೆಸರು: ವೀರಬಣಂಜು ಸಮಯದವ. ಕೆಲಸದ ಹೆಸರಿಗೂ ಸಂಘದ ಹೆಸರಿಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಸಂಘಕ್ಕೆ ಸೇರದ ತಿರುಗು ವ್ಯಾಪಾರಿಯೂ ಬಣಂಜು ಮಾಡಬಲ್ಲ. ಆದರೆ ಶಾಸನದ ಬಿರುದು ಅವನಿಗೆ ಸಲ್ಲದು.

ಮೂರನೆಯ ಹೊರಳು ಬಲಗೈ ಎಡಗೈ ಪಂಗಡಗಳ ಕಾಲದ್ದು. ದಕ್ಷಿಣದ ಪೇಟೆ ಪಟ್ಟಣಗಳಲ್ಲಿ ಕಸುಬಿನ ಸಮುದಾಯಗಳು ಬಲಗೈ, ಎಡಗೈ ಎಂದು ಎರಡು ಬಣಗಳಾಗಿ ನಿಂತಾಗ ಬಲಗೈ ಕಡೆಯ ಹದಿನೆಂಟು ಪಣಗಳಿಗೆ, ಅಂದರೆ ಗುಂಪುಗಳಿಗೆ, ಬಣಜಿಗರು ಮುಂದಾಳುಗಳಾಗಿದ್ದರು. ಇಲ್ಲಿ ಪದ ವ್ಯಾಪಾರವನ್ನಷ್ಟೇ ಅಲ್ಲ, ಪೇಟೆಯೊಳಗಿನ ಸ್ಥಾನವನ್ನೂ ಹೇಳುತ್ತದೆ.

ನಾಲ್ಕನೆಯದು ಇಂದು ನಮಗೆ ಗೊತ್ತಿರುವ ಸಮುದಾಯವಾಚಿ ಅರ್ಥ. ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ಬರೆದ ವರದಿಯಲ್ಲಿ ಪಂಚಮ ಬಣಜಿಗರು, ತೆಲುಗು ಬಣಜಿಗರು, ಜೈನ ಬಣಜಿಗರು ಎಂದು ಬೇರೆ ಬೇರೆಯಾಗಿ ಗುರುತಿಸಿದ್ದಾನೆ. ಒಂದೇ ಹೆಸರಿಗೆ ಮೂರು ವಿಶೇಷಣ ಬೇಕಾಯಿತೆಂದರೆ ಆ ಹೊತ್ತಿಗೆ ಹೆಸರು ಕಸುಬಿನಿಂದ ಬಹುಮಟ್ಟಿಗೆ ಬಿಡಿಸಿಕೊಂಡು ನಿಂತಿತ್ತು ಎಂದರ್ಥ. ತಕ್ಕಡಿಯನ್ನೇ ಹಿಡಿಯದ, ಹೊಲ ಉಳುವ ಬಣಜಿಗರು ಇರಲು ಸಾಧ್ಯವಾಗುವುದು ಪದ ಈ ಹಂತಕ್ಕೆ ಬಂದ ಮೇಲೆ.

ಈ ನಾಲ್ಕು ಅರ್ಥಗಳು ಒಂದರ ಹಿಂದೆ ಒಂದು ಸರದಿಯಲ್ಲಿ ಬಂದು ಹಿಂದಿನದನ್ನು ಅಳಿಸಿಹಾಕಿದವು ಎಂದು ತಿಳಿಯಬೇಡಿ. ಹೊಸ ಅರ್ಥ ಬಂದ ಮೇಲೂ ಹಳೆಯದು ಬಹುಕಾಲ ಜೊತೆಗೇ ಬದುಕುತ್ತದೆ. ಕಿಟೆಲ್ ನಿಘಂಟಿನಲ್ಲಿ ಬಣಜಿಗ ಎಂದರೆ ವ್ಯಾಪಾರಿ ಎಂಬ ಅರ್ಥ ಇನ್ನೂ ಜೀವಂತವಾಗಿಯೇ ಇದೆ.

7. ಸಮುದಾಯದ ಹೆಸರಿನ ವಿಷಯದಲ್ಲಿ ಜಾಗ್ರತೆ

ಈ ಪದವನ್ನು ಇಂದು ಲಕ್ಷಾಂತರ ಜನ ತಮ್ಮ ಗುರುತಾಗಿ ಹೊತ್ತಿದ್ದಾರೆ. ಶಾಸನದ ಬಣಂಜಿಗರೆಲ್ಲ ಇಂದಿನ ಇಂಥದೇ ಸಮುದಾಯದ ಪೂರ್ವಜರು ಎಂದು ಹೇಳಲೂ ಬಾರದು, ಅಲ್ಲವೇ ಅಲ್ಲ ಎಂದು ಹೇಳಲೂ ಬಾರದು. ಪದದ ಚರಿತ್ರೆ ಆ ಪ್ರಶ್ನೆಗೆ ಉತ್ತರ ಕೊಡುವ ಸಾಧನವಲ್ಲ. ‘ಬಲಿಜ’, ‘ಬಣಜಿಗ’ ಒಂದೇ ಪದದ ರೂಪಗಳು ಎಂದರೆ ಆ ಎರಡು ಸಮುದಾಯಗಳು ಒಂದೇ ಎಂದಾಗುವುದಿಲ್ಲ. ಬರೆಯುವಾಗ ‘ಪದ’ ಎಂದೋ ‘ಜನ’ ಎಂದೋ ಪ್ರತಿ ವಾಕ್ಯದಲ್ಲೂ ಸ್ಪಷ್ಟಪಡಿಸಿ. ವ್ಯಾಪಾರಿ ಪದಗಳಿಗೆ ಜಿಪುಣ, ಲೆಕ್ಕಾಚಾರದವ ಎಂಬ ಹೀನಾರ್ಥ ಅಂಟಿರುವ ಕಡೆಗಳಲ್ಲಿ ಅದನ್ನು ಹೀನಾರ್ಥವೆಂದೇ ಗುರುತಿಸಿ ದಾಖಲಿಸಿ. ನಿಮ್ಮ ವಾಕ್ಯದಲ್ಲಿ ಅದನ್ನು ಬಳಸಬೇಡಿ.

ಗಾದೆಗಳೂ ಊರ ಹೆಸರುಗಳೂ ಇದೇ ಜಾಗ್ರತೆಯನ್ನು ಬೇಡುತ್ತವೆ. ‘ಸೆಟ್ಟಿ ಬಿಟ್ಟಲ್ಲೇ ಪಟ್ಟಣ’ ಎಂಬ ಗಾದೆ ಹೊರೆ ಇಳಿಸಿದ ಜಾಗವೇ ಸಂತೆಯಾಗುವ ತಿರುಗು ವ್ಯಾಪಾರದ ಚಿತ್ರವನ್ನು ಕೊಡುತ್ತದೆ, ಆದರೆ ಗಾದೆಗೆ ತಾರೀಖಿಲ್ಲ. ಹಳಗನ್ನಡದಲ್ಲಿ ವ್ಯಾಪಾರಿಗೆ ‘ಪರದ’, ಮುಂದೆ ‘ಹರದ’ ಎಂಬ ಪದವಿತ್ತು. ಚಾಮರಾಜನಗರದ ಬಳಿಯ ಹರದನಹಳ್ಳಿಯಂಥ ಹೆಸರನ್ನು ಕಂಡಾಗ ಅದು ನೆನಪಾಗುವುದು ಸಹಜ. ಆ ಊರಿನ ಹಳೆಯ ಶಾಸನರೂಪವನ್ನು ನೋಡುವ ಮೊದಲು ತೀರ್ಮಾನ ಬರೆಯಬೇಡಿ.

8. ಕೇಳಿಬಂದ ಕಥೆಗಳನ್ನು ಒರೆಗೆ ಹಚ್ಚಿ

ಜಾನಪದ ನಿಷ್ಪತ್ತಿ ಎಂದರೆ ಪದದ ಸದ್ದಿಗೆ ಹೊಂದುವಂತೆ ಜನ ಆಮೇಲೆ ಕಟ್ಟಿದ ವಿವರಣೆ. ‘ಬಂಜಾರ’ ಪದ ಇದಕ್ಕೆ ಒಳ್ಳೆಯ ಪಾಠ. ಅದು ‘ವನಚರ’ದಿಂದ ಬಂತು ಎನ್ನುವವರಿದ್ದಾರೆ, ಅಕ್ಕಿಗೆ ಪರ್ಷಿಯನ್ನಿನಲ್ಲಿರುವ ‘ಬಿರಿಂಜ್’ ಎಂಬ ಪದದಿಂದ, ಅಕ್ಕಿ ತರುವವರು ಎಂಬ ಅರ್ಥದಲ್ಲಿ ಬಂತು ಎಂದವರೂ ಇದ್ದಾರೆ. ಟರ್ನರ್ ಕೋಶ ಅದನ್ನು ವಾಣಿಜ್ಯ ಮಾಡುವವ ಎಂಬ ಅರ್ಥದ ‘ವಾಣಿಜ್ಯಕಾರ’ದಂಥ ರೂಪಕ್ಕೆ ಜೋಡಿಸುತ್ತದೆ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಮೂರು ಪ್ರಶ್ನೆ ಕೇಳಿ: ಧ್ವನಿಗಳು ನಿಯಮದಂತೆ ಹೊಂದುತ್ತವೆಯೇ? ಅರ್ಥ ಆ ಜನರ ನಿಜವಾದ ಕಸುಬಿಗೆ ಹೊಂದುತ್ತದೆಯೇ? ಒಡಹುಟ್ಟು ಪದಗಳು ಸಾಕ್ಷಿ ಹೇಳುತ್ತವೆಯೇ? ವನಚರ ಎಂಬುದರಲ್ಲಿ ಚಕಾರ ಜಕಾರವಾಗಿ ಅದರ ಮುಂದಿನ ಸ್ವರ ದೀರ್ಘವಾಗಬೇಕು. ಅರ್ಥವೂ ಕಾಡಿನಲ್ಲಿ ಅಲೆಯುವವರು ಎಂದಾಗುತ್ತದೆ. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ನಾಡ ದಾರಿಗಳಲ್ಲಿ ಸಾಗಿಸುತ್ತಿದ್ದ ಜನರಿಗೆ ಅದು ಸರಿಹೋಗದು. ಅದೇ ಜನರ ಇನ್ನೊಂದು ಹೆಸರಾದ ‘ಲಮಾಣಿ’, ‘ಲಂಬಾಣಿ’ ಎಂಬುದನ್ನು ಉಪ್ಪಿನ ಹೆಸರಾದ ‘ಲವಣ’ಕ್ಕೆ ಜೋಡಿಸುವುದು ರೂಢಿ, ಅದೂ ಸರಕಿನ ಕಡೆಗೇ ಕೈ ತೋರಿಸುತ್ತದೆ.

ಕರಾವಳಿಯ ‘ಬ್ಯಾರಿ’ ಪದವನ್ನೂ ನೀವೇ ಹೀಗೆ ಪರೀಕ್ಷಿಸಿ ನೋಡಿ. ತುಳುವಿನಲ್ಲಿ ‘ಬ್ಯಾರ’ ಎಂದರೆ ವ್ಯಾಪಾರ. ವ್ಯವಹಾರ–ಬೇಹಾರ ಎಂಬ ದಾರಿ ನಿಮಗೆ ಈಗಾಗಲೇ ಪರಿಚಿತ. ಕಡಲಿಗೆ ಅರಬ್ಬಿಯಲ್ಲಿರುವ ‘ಬಹ್ರ್’ ಎಂಬ ಪದದಿಂದ ಅದು ಬಂತೆಂಬ ವಾದವೂ ಇದೆ. ಮೇಲಿನ ಮೂರು ಪ್ರಶ್ನೆಗಳನ್ನು ಎರಡಕ್ಕೂ ಸಮವಾಗಿ ಕೇಳಬೇಕು; ತಮಗೆ ಇಷ್ಟವಾದ ವಾದಕ್ಕೆ ಒಂದು ಪ್ರಶ್ನೆ ಕಡಿಮೆ ಕೇಳುವುದು ಈ ಕೆಲಸದಲ್ಲಿ ಬಹಳ ಸುಲಭವಾಗಿ ಆಗುವ ತಪ್ಪು.

9. ನಮೂದು ಬರೆಯಿರಿ

ಕೊನೆಯ ಕೆಲಸ, ಕಂಡದ್ದನ್ನು ನಿಘಂಟಿನ ನಮೂದಿನಂತೆ ಬಿಗಿಯಾಗಿ ಬರೆಯುವುದು. ಖಚಿತವಾದದ್ದು, ಸಾಮಾನ್ಯವಾಗಿ ಒಪ್ಪಿತವಾದದ್ದು, ಸಂದೇಹದ್ದು ಎಂಬ ಮೂರು ದರ್ಜೆಗಳು ಓದುವವರಿಗೆ ಒಂದು ನೋಟಕ್ಕೆ ತಿಳಿಯಬೇಕು. ಮಾದರಿ ಹೀಗಿರಲಿ:

ಬಣಜಿಗ. ನಾಮಪದ. ಹಳೆಯ ರೂಪ: ಬಣಂಜಿಗ. ರಚನೆ: ಬಣಂಜು (ವ್ಯಾಪಾರ) + ಇಗ; ಖಚಿತ. ಮೂಲ: ಸಂಸ್ಕೃತ ವಣಿಜ್, ವಣಿಜ್ಯಾ, ಪ್ರಾಕೃತದ ಮೂಲಕ, ಪದಾದಿಯ ವ–ಬ ನಿಯತ, ಎರಡನೆಯ ಅಕ್ಷರದ ಸ್ವರ ಮತ್ತು ಅನುಸ್ವಾರ ಅನಿಯತ. ಬಂಧುಪದಗಳು: ತಮಿಳು ವಳಂಜಿಯರ್, ತೆಲುಗು ಬಲಿಜ, ಸಾಮಾನ್ಯವಾಗಿ ಒಪ್ಪಿತ, ದೂರದ ಬಂಧುಗಳು ಬನಿಯಾ, ವಾಣಿ, ವಾಣಿಯನ್. ಅರ್ಥ: 1. ಸಗಟಾಗಿಯೋ ಹೊತ್ತು ತಿರುಗಿಯೋ ಸರಕು ಮಾರುವವ. 2. ವೀರಬಣಂಜು ಸಮಯಕ್ಕೆ ಸೇರಿದವ. 11ನೆಯ ಶತಮಾನದ ಶಾಸನಗಳಲ್ಲಿ ಧಾರಾಳ. 3. ಪೇಟೆಯ ಬಲಗೈ ಪಂಗಡದ ಮುಂದಾಳು. 4. ಸಮುದಾಯದ ಹೆಸರು, 1800–01ರ ಹೊತ್ತಿಗೆ ವಿಶೇಷಣಗಳೊಂದಿಗೆ ಬಳಕೆ, ಇಂದಿಗೂ ರೂಢಿ. ಸೇರಿಸಬಾರದ್ದು: ಬಣ್ಣ, ಬಣವೆ, ಬಣ, ಪಣ.